ಸುಮ್ಮನೆ ಇರುವುದಕ್ಕೆ ವೀಸಾ ಇಲ್ಲ

ಬೆಳಗಿನ ಆರು ಗಂಟೆಗೆ ಪುಣೆಯ ಕೋರೆಗಾಂವ್ ಪಾರ್ಕಿನ ಆಲದ ಮರಗಳ ಕೆಳಗೆ ಇನ್ನೂ ಅರೆಗತ್ತಲು. ಬಂಗಲೆಗಳ ಕಾವಲುಗಾರರು ಪ್ಲಾಸ್ಟಿಕ್ ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಾರೆ. ಕಡುಗೆಂಪು ನಿಲುವಂಗಿಯ, ಬಿಳಿಗೂದಲಿನ ಹೆಂಗಸೊಬ್ಬಳು ರಬ್ಬರ್ ಚಪ್ಪಲಿ ಎಳೆಯುತ್ತ ಓಶೋ ಆಶ್ರಮದ ಗೇಟಿನತ್ತ ನಡೆದಿದ್ದಾಳೆ. ನಡುವೆ ನಿಂತು ಹಾಲಿನವನೊಡನೆ ನಿನ್ನೆಯ ಚಿಲ್ಲರೆಯ ತಗಾದೆ: ಮರಾಠಿಯ ಕ್ರಿಯಾಪದಕ್ಕೆ ಹಿಂದಿಯ ಅಂಕಿ ಸೇರಿಸಿ ಮಾತು. ಹಾಲಿನವನಿಗೂ ಅದು ಸಲೀಸು. ಯಾವ ಗಾಡಿಯವನ ಚಿಕ್ಕು ಸಿಹಿ, ಯಾವ ರಿಕ್ಷಾದವನು ಮೀಟರ್ ಹಾಕುತ್ತಾನೆ, ಎಲ್ಲ ಅವಳಿಗೆ ಗೊತ್ತು. ಈ ಗಲ್ಲಿಗಳಲ್ಲಿ ಇಂಥವರು ಹಿಂದಿನಷ್ಟಿಲ್ಲ, ಆದರೂ ಇದ್ದಾರೆ. ಬದುಕಿನಲ್ಲಿ ಪುಣೇಕರರು, ಕಾಗದದಲ್ಲಿ ಪ್ರವಾಸಿಗರು.

ಥಾಯ್ಲೆಂಡ್ ಆಗಿದ್ದರೆ ಐವತ್ತು ದಾಟಿದವರು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ತೋರಿಸಿ, ನಿವೃತ್ತರೆಂದೇ ಹೇಳಿಕೊಂಡು ವರ್ಷ ವರ್ಷ ಉಳಿಯಬಹುದು. ಭಾರತದಲ್ಲಿ ಆ ಹೆಸರಿನ ವೀಸಾನೇ ಇಲ್ಲ. ಓದಲು, ದುಡಿಯಲು, ವ್ಯಾಪಾರಕ್ಕೆ, ಚಿಕಿತ್ಸೆಗೆ, ಸಂಶೋಧನೆಗೆ, ತಿರುಗಾಟಕ್ಕೆ ಬರಬಹುದು. ಮುಪ್ಪಿನಲ್ಲಿ ಸುಮ್ಮನೆ ಇರುತ್ತೇನೆಂದು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಪ್ರವಾಸಿ ವೀಸಾ ಐದು ವರ್ಷದ್ದಾದರೂ ಒಂದು ಭೇಟಿಗೆ ಅಮೆರಿಕ, ಬ್ರಿಟನ್, ಕೆನಡಾ, ಜಪಾನಿನವರಿಗೆ 180 ದಿನ, ಉಳಿದ ಹೆಚ್ಚಿನವರಿಗೆ 90. 2016ರಲ್ಲಿ ಸರ್ಕಾರ ಕಾಯಂ ವಾಸದ ಯೋಜನೆಯೊಂದನ್ನು ತಂದಿತು ನಿಜ: ಹದಿನೆಂಟು ತಿಂಗಳಲ್ಲಿ 10 ಕೋಟಿ ರೂಪಾಯಿ, ಇಲ್ಲವೇ ಮೂರು ವರ್ಷದಲ್ಲಿ 25 ಕೋಟಿ ಹೂಡಬೇಕು, ವರ್ಷಕ್ಕೆ 20 ಮಂದಿಗೆ ಕೆಲಸ ಕೊಡಬೇಕು. ಚಿಲ್ಲರೆಗೆ ಹಾಲಿನವನೊಡನೆ ಜಗಳ ಕಾಯುವ ಮುದುಕಿಗೆ ಹೇಳಿಮಾಡಿಸಿದ್ದಲ್ಲ ಬಿಡಿ.

ಅವಳ ಗುರುವಿಗೂ ಇದೇ ತಾಪತ್ರಯವಾಗಿತ್ತು. 1974ರಲ್ಲಿ ಇಲ್ಲಿ ಆಶ್ರಮ ಕಟ್ಟಿದ, ಮುಂದೆ ಓಶೋ ಎನಿಸಿಕೊಂಡ ರಜನೀಶ್ 1981ರಲ್ಲಿ ಅಮೆರಿಕಕ್ಕೆ ಹೋದರು. ನಾಲ್ಕು ವರ್ಷದ ನಂತರ ಅಲ್ಲಿನ ಸರ್ಕಾರ ಹಾಕಿದ್ದು ವಲಸೆ ಕಾನೂನಿಗೆ ಮೋಸ ಮಾಡಿದ ಮೊಕದ್ದಮೆ. ವಿದೇಶಿ ಶಿಷ್ಯರನ್ನು ಉಳಿಸಿಕೊಳ್ಳಲು ಸುಳ್ಳು ಮದುವೆ ಮಾಡಿಸಿದ ಆರೋಪವೂ ಅದರಲ್ಲಿತ್ತು. 1985ರ ನವೆಂಬರಿನಲ್ಲಿ ಆ ದೇಶ ಬಿಟ್ಟರು. ಗ್ರೀಸ್ ಹೊರಹಾಕಿತು, ಇನ್ನೂ ಹಲವು ದೇಶಗಳು ಕಾಲಿಡಲು ಬಿಡಲಿಲ್ಲ. 1987ರ ಜನವರಿಯಲ್ಲಿ ಮತ್ತೆ ಕೋರೆಗಾಂವ್ ಪಾರ್ಕಿಗೇ ಬಂದರು. ಇಲ್ಲಿ ಅವರಿಗೆ ಯಾರ ಮೊಹರೂ ಬೇಕಿರಲಿಲ್ಲ.

ಆಶ್ರಮದಿಂದ ತುಸು ದೂರದಲ್ಲಿ, ನಾರ್ತ್ ಮೇನ್ ರೋಡಿನಲ್ಲಿ ಜರ್ಮನ್ ಬೇಕರಿ. ಈಗ ಕಾಲೇಜು ಹುಡುಗರು ಲ್ಯಾಪ್‌ಟಾಪ್ ತೆರೆದು ಕೂರುವ ಈ ಜಾಗದಲ್ಲಿ 2010ರ ಫೆಬ್ರುವರಿ 13ರ ಸಂಜೆ ಬಾಂಬ್ ಸಿಡಿದು 17 ಮಂದಿ ಸತ್ತರು. ಅದಕ್ಕೂ ಮುಂಚೆ ಅಮೆರಿಕದ ಪಾಸ್‌ಪೋರ್ಟಿನ, ಉಗ್ರರ ಬೇಹುಗಾರ ಡೇವಿಡ್ ಹೆಡ್ಲಿ ಈ ಬಡಾವಣೆಯನ್ನು ಅಡ್ಡಾಡಿ ನೋಡಿಹೋಗಿದ್ದ. ಭಾರತದಲ್ಲಿ ಅವನು ಹಾಕಿಕೊಂಡಿದ್ದ ವೇಷ ಯಾವುದು ಗೊತ್ತೇ? ಜನರಿಗೆ ವೀಸಾ ಮಾಡಿಸಿಕೊಡುವ ಸಂಸ್ಥೆಯವನು ಎಂದು! 2009ರ ಕೊನೆಗೆ ಅವನ ಬಣ್ಣ ಬಯಲಾದ ಮೇಲೆ ಪ್ರವಾಸಿ ವೀಸಾದವರು ಒಮ್ಮೆ ಹೊರಹೋದರೆ ಎರಡು ತಿಂಗಳು ಮರಳುವಂತಿಲ್ಲವೆಂಬ ನಿಯಮ ಬಂತು. ಕಠ್ಮಂಡುವಿಗೋ ಕೊಲಂಬೊಗೋ ಹೋಗಿ ವಾರದಲ್ಲಿ ತಿರುಗಿ ಬರುತ್ತಿದ್ದವರ ದಾರಿ ಮುಚ್ಚಿತು. 2012ರ ಕೊನೆಯಲ್ಲಿ ನಿಯಮ ಸಡಿಲವಾಯಿತು. ಅಷ್ಟರಲ್ಲಿ ಎಷ್ಟೋ ಬಾಡಿಗೆ ಕೋಣೆಗಳ ಚಾಪೆ, ಗಿಟಾರು, ಒಲೆಗಳು ಕೈ ಬದಲಾಯಿಸಿದ್ದವು.

ನದಿ ದಾಟಿ ಮಾಡೆಲ್ ಕಾಲೊನಿಗೆ ಬಂದರೆ ಬೇರೆಯದೇ ಲೋಕ. ಹರೇ ಕೃಷ್ಣ ಮಂದಿರ ರಸ್ತೆಯಲ್ಲಿ ರಮಾಮಣಿ ಅಯ್ಯಂಗಾರ್ ಯೋಗ ಸಂಸ್ಥೆ. ತರಗತಿ ಮುಗಿಸಿ ಹೊರಬರುವ ಸ್ಪೇನಿನವರು, ಜಪಾನಿನವರು, ಇಸ್ರೇಲಿನವರು ಗೇಟಿನ ಬಳಿ ಎಳನೀರಿಗೆ ನಿಲ್ಲುತ್ತಾರೆ. ಬೆನ್ನು ನೆಟ್ಟಗೆ, ಕಾಲಲ್ಲಿ ಮಾತ್ರ ಸಣ್ಣ ನಡುಕ. ಅಲ್ಪಾವಧಿಯ ಯೋಗ ಶಿಬಿರಕ್ಕೆ ಪ್ರವಾಸಿ ವೀಸಾ ಸಾಕು. ಯೋಗ ಅಲ್ಪಾವಧಿಯ ವಿದ್ಯೆಯೇ ಎಂದು ಬಿ.ಕೆ.ಎಸ್. ಅಯ್ಯಂಗಾರರನ್ನು ಕೇಳಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೇನೋ. ಕೋಲಾರ ಜಿಲ್ಲೆಯ ಬೆಳ್ಳೂರಿನ ಆ ಹುಡುಗ ಮೈಸೂರಿನಿಂದ 1937ರಲ್ಲಿ ಪುಣೆಗೆ ಬಂದದ್ದು ಆರು ತಿಂಗಳ ಮಟ್ಟಿಗೆ, ಡೆಕ್ಕನ್ ಜಿಮ್‌ಖಾನಾದಲ್ಲಿ ಯೋಗ ಹೇಳಿಕೊಡಲು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೇ. ಉಳಿದದ್ದು 2014ರಲ್ಲಿ ಕಣ್ಮುಚ್ಚುವವರೆಗೆ. ದೇಶದೊಳಗಿನ ವಲಸೆ, ಯಾರೂ ದಿನ ಎಣಿಸಲಿಲ್ಲ.

ಎಣಿಸುವ ಕಚೇರಿ ಪೊಲೀಸ್ ಕಮಿಷನರರದು. 180 ದಿನ ಮೀರಿದ ವೀಸಾದಲ್ಲಿ ಬಂದವರು 14 ದಿನದೊಳಗೆ ಹೆಸರು ನೋಂದಾಯಿಸಬೇಕು. 2018ರಿಂದ ಕೆಲಸ ಬಹುಮಟ್ಟಿಗೆ ಆನ್‌ಲೈನ್ ಆಗಿ ಸಾಲು ಕರಗಿದೆ; ಸಂಕಟ ಝೆರಾಕ್ಸ್ ಅಂಗಡಿಗೆ ವರ್ಗವಾಗಿದೆ. ಫರ್ಗ್ಯುಸನ್ ರಸ್ತೆಯ ಅಡ್ಡಗಲ್ಲಿಯೊಂದರಲ್ಲಿ ಯೆಮೆನ್ ಹುಡುಗನೊಬ್ಬ ಸ್ಕ್ಯಾನರಿನ ಗಾಜಿನ ಮೇಲೆ ಪಾಸ್‌ಪೋರ್ಟನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಾನೆ. ಕಾಲೇಜಿನ ಬೋನಾಫೈಡ್, ಬಿಳಿ ಹಿನ್ನೆಲೆಯ ಫೋಟೊ, ಹನ್ನೊಂದು ತಿಂಗಳ ಬಾಡಿಗೆ ಕರಾರು, ಮನೆ ಮಾಲೀಕ ತುಂಬಬೇಕಾದ ಫಾರಂ. ವಿದೇಶಿಯನ್ನು ಇಳಿಸಿಕೊಂಡವರು 24 ಗಂಟೆಯೊಳಗೆ ಅದನ್ನು ಕಳಿಸಬೇಕು. ಈ ಒಂದು ಹಾಳೆಯ ಉಸಾಬರಿಗೆ ಹೆದರಿಯೇ ಅನೇಕ ಮಾಲೀಕರು ‘ಖಾಲಿ ಇಲ್ಲ’ ಎನ್ನುತ್ತಾರೆ. ಫೈಲ್ ದೊಡ್ಡದಾಯಿತೆಂದು ಪೋರ್ಟಲ್ ತಿರಸ್ಕರಿಸುತ್ತದೆ. ಅಂಗಡಿಯವನು ಚಹಾ ಬದಿಗಿಟ್ಟು, ಕೇಳದೆಯೇ, ಕುಗ್ಗಿಸಿಕೊಡುತ್ತಾನೆ. ಪುಣೆಯ ವಿದೇಶಾಂಗ ವ್ಯವಹಾರ ಅರ್ಧಕ್ಕರ್ಧ ನಡೆಯುವುದು ಇಂಥ ಅಂಗಡಿಗಳಲ್ಲೇ ಎಂದು ನನ್ನ ಅಂಬೋಣ.

ಹಾಗಾದರೆ ಪರದೇಶದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ನಿಶ್ಚಿಂತೆಯಿಂದ ಮುಪ್ಪು ಕಳೆಯುವವರು ಯಾರೂ ಇಲ್ಲವೇ? ಇದ್ದಾರೆ, ಅವರು ನಮ್ಮವರೇ. ಪಾಷಾಣ್ ಬಡಾವಣೆಯ ಕಡೆಯ ಹಿರಿಯರ ವಸತಿಗಳಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಧಾರವಾಡದ ಕನ್ನಡವೂ ಕಿವಿಗೆ ಬೀಳುತ್ತದೆ. ನ್ಯೂಜೆರ್ಸಿಯಲ್ಲಿ ನಿವೃತ್ತರಾಗಿ ಬಂದ ದಂಪತಿ, ಪಾಸ್‌ಪೋರ್ಟ್ ಅಮೆರಿಕದ್ದು, ಜೊತೆಗೆ ಒಸಿಐ ಎಂಬ ಕಡುನೀಲಿ ಪುಸ್ತಕ. 2005ರಲ್ಲಿ ಕಾನೂನಾದ ಇದು ಬದುಕಿರುವವರೆಗಿನ ವೀಸಾ. ನೋಂದಣಿಯಿಲ್ಲ, ದಿನದ ಲೆಕ್ಕವಿಲ್ಲ. ನಿವೃತ್ತಿಯ ವೀಸಾ ಎಂದು ಹೆಸರಿಡದೆ ಭಾರತ ಕೊಟ್ಟ ನಿವೃತ್ತಿಯ ವೀಸಾ, ಆದರೆ ರಕ್ತಸಂಬಂಧವೋ ಮದುವೆಯೋ ಇದ್ದವರಿಗೆ ಮಾತ್ರ. ‘ಅಲ್ಲಿ ಗ್ರೀನ್ ಕಾರ್ಡಿಗೆ ಕಾದು ಕಾದು ಕೂದಲಾ ಬೆಳ್ಳಗಾದ್ವು, ಇಲ್ಲೆ ಯಾರೂ ಏನೂ ಕೇಳಂಗಿಲ್ರಿ’ ಎನ್ನುತ್ತಾರೆ ಯಜಮಾನರು. ಕೇಳುವುದು ಒಂದೆರಡು ಕಡೆ ಇದೆ. ಫ್ಲ್ಯಾಟ್ ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದ ಹೊಲ ಉಳಿಸಿಕೊಳ್ಳಬಹುದು, ಪಕ್ಕದ ಎಕರೆ ಸೇರಿಸುವಂತಿಲ್ಲ. ಮತದಾನವೂ ಇಲ್ಲ. ಚುನಾವಣೆಯ ದಿನ ಇಡೀ ಕಟ್ಟಡ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವಾಗ ಇವರು ಪೇಪರ್ ಹಿಡಿದು ಲಾಬಿಯಲ್ಲಿ ಕೂತಿರುತ್ತಾರೆ. ಸೊಸೈಟಿಯ ಸಭೆಯಲ್ಲಿ ಮಾತ್ರ ಕೈ ಎತ್ತಲು ಅಡ್ಡಿಯಿಲ್ಲ. ನೀರಿನ ಟ್ಯಾಂಕರಿನ ದರದ ಬಗ್ಗೆ ಅಲ್ಲಿ ಅತಿ ಜೋರಾಗಿ ಕೂಗಾಡುವವರು ಇವರೇ.