ಕಾಯುವ ಕುರ್ಚಿಯ ಬಾಡಿಗೆ

ಧಾರವಾಡದ ಸಪ್ತಾಪುರದಲ್ಲಿ ನನ್ನ ಅಕ್ಕನ ಮಗ ತಿಂಗಳಿಗೆ 700 ರೂಪಾಯಿಗೆ ಒಂದು ಕುರ್ಚಿ ಬಾಡಿಗೆ ಹಿಡಿದಿದ್ದಾನೆ. ಕೋಣೆಯಲ್ಲ, ಕುರ್ಚಿ. ಮೂರು ಕಡೆ ಪ್ಲೈವುಡ್ ಹಲಗೆ, ತಲೆಯ ಮೇಲೊಂದು ಲೈಟು, ಮೊಬೈಲ್ ಚಾರ್ಜಿಗೊಂದು ಸಾಕೆಟ್ಟು. ಇಂಥ 60 ಗೂಡುಗಳಿರುವ ಆ ರೀಡಿಂಗ್ ರೂಮು ಬೆಳಗಿನ 5ಕ್ಕೆ ತೆರೆಯುತ್ತದೆ, ರಾತ್ರಿ 11ಕ್ಕೆ ಮುಚ್ಚುತ್ತದೆ. ಕಳೆದ ತಿಂಗಳು ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಹೋದಾಗ ಅವನ ಹಲಗೆಯನ್ನು ಹತ್ತಿರದಿಂದ ನೋಡಿದೆ. ಅವನಿಗಿಂತ ಮೊದಲು ಅಲ್ಲಿ ಕೂತೆದ್ದವರು ಅಂಟಿಸಿದ ಚೀಟಿಗಳು ಒಂದರ ಮೇಲೊಂದು ಪದರಗಟ್ಟಿದ್ದವು. ಎಲ್ಲಕ್ಕಿಂತ ಮೇಲೆ ‘ಕೆಎಎಸ್ 384’. ಅದರ ಅಂಚಿನಡಿ ‘ಪಿಡಿಒ’. ಇನ್ನೂ ಕೆಳಗೆ, ಮಾಸಿದ ಕೆಂಪು ಸ್ಕೆಚ್ ಪೆನ್ನಿನಲ್ಲಿ, ‘ಪಿಎಸ್‌ಐ 545’.

ಆ ಕೆಂಪು ಚೀಟಿ ಬರೆದವನ ಪಾಡು ನೆನೆಸಿಕೊಳ್ಳಿ. 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷದ ಮೇಲೆ ಮೂರು ತಿಂಗಳು ಅದೇ ಪುಸ್ತಕ, ಅದೇ ಓಟದ ಅಭ್ಯಾಸ. 384 ಹುದ್ದೆಯದೂ ಇಂಥದೇ ಕಥೆ: 2024ರ ಆಗಸ್ಟ್‌ನ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟಿತ್ತೆಂದು ಡಿಸೆಂಬರಿನಲ್ಲಿ ಮತ್ತೆ ಬರೆಸಿದರು, ಅದರಲ್ಲೂ ಅನುವಾದ ಕೆಟ್ಟಿತ್ತು.

ನಮ್ಮ ಹುಡುಗ 2021ರಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದವನು. ತಾರಿಹಾಳದ ಒಂದು ಕಾರ್ಖಾನೆಯಿಂದ ತಿಂಗಳಿಗೆ 14,000 ರೂಪಾಯಿಯ ಕರೆ ಬಂದಿತ್ತು. ‘ಒಂದ್ ವರ್ಷ ನೋಡ್ತೀನಿ ಮಾಮಾ’ ಅಂದ. ಪ್ರತಿ ದೀಪಾವಳಿಗೂ ಅದೇ ಮಾತು. ನಿವೃತ್ತ ಮಾಸ್ತರರಾದ ನಮ್ಮ ಭಾವನ ಪಿಂಚಣಿಯಲ್ಲಿ ಆ ಕುರ್ಚಿಯ ಬಾಡಿಗೆ ನಡೆಯುತ್ತಿದೆ.

ಈ ಬಾಡಿಗೆ 700 ರೂಪಾಯಿಗೆ ಮುಗಿಯುವುದಿಲ್ಲ ಎಂಬುದಕ್ಕೆ ನೆರೆರಾಜ್ಯದಲ್ಲೇ ಪುರಾವೆ ಇದೆ. 2001ರಿಂದ 2006ರವರೆಗೆ ತಮಿಳುನಾಡು ಸರಕಾರ ಹಣದ ಮುಗ್ಗಟ್ಟಿನಿಂದ ನೇಮಕಾತಿ ನಿಲ್ಲಿಸಿತ್ತು. ಪೊಲೀಸರು, ಶಿಕ್ಷಕರು, ವೈದ್ಯರನ್ನು ಬಿಟ್ಟರೆ ಉಳಿದ ಹುದ್ದೆಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಕೆಲಸವೇ ಇಲ್ಲವೆಂದಾದರೆ ಹುಡುಗರು ಬೇರೆ ದಾರಿ ಹಿಡಿಯುತ್ತಾರೆ ಎಂದು ಯಾರಾದರೂ ಊಹಿಸುತ್ತಾರೆ. ಅರ್ಥಶಾಸ್ತ್ರಜ್ಞ ಕುನಾಲ್ ಮಂಗಲ್ ಅಂಕಿಅಂಶ ಕೆದಕಿ ನೋಡಿದಾಗ ಕಂಡದ್ದು ತದ್ವಿರುದ್ಧ. ಆ ಹೊತ್ತಿಗೆ ಪದವಿ ಮುಗಿಸಿದ ಗಂಡುಹುಡುಗರು ಇನ್ನೂ ಹೆಚ್ಚು ಕಾಲ ಕೆಲಸವಿಲ್ಲದೆ, ಪರೀಕ್ಷೆಗೆ ಓದುತ್ತ ಕೂತರು. ಬಾಗಿಲು ತೆರೆದ ಮೇಲೂ ನಷ್ಟ ತುಂಬಿಬರಲಿಲ್ಲ. ವರ್ಷಗಳು ಕಳೆದ ನಂತರವೂ ಆ ಬ್ಯಾಚಿನವರ ಗಳಿಕೆ ಕೆಳಗೇ ಇತ್ತು. ಯಾಕೆಂದರೆ ಪಂಚವಾರ್ಷಿಕ ಯೋಜನೆಗಳ ಇಸವಿ ಬಾಯಿಪಾಠ ಮಾಡಿದ್ದಕ್ಕೆ ಪರೀಕ್ಷಾ ಕೊಠಡಿಯ ಹೊರಗೆ ಸಂಬಳ ಕೊಡುವವರು ಯಾರೂ ಇಲ್ಲ.

ಈಗ ನಮ್ಮಲ್ಲಿಗೆ ಬನ್ನಿ. 2024ರ ಅಕ್ಟೋಬರ್ ಕೊನೆಗೆ ರಾಜ್ಯ ಸಂಪುಟ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದಿತು. ಅದಕ್ಕೆಂದು ನೇಮಿಸಿದ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ವರದಿ ಬಂದದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ಮೂರು ದಶಕದ ಹೋರಾಟ. ಅದರ ನ್ಯಾಯ-ಅನ್ಯಾಯ ಇಲ್ಲಿ ನನ್ನ ವಿಷಯವಲ್ಲ. ನಾನು ನೋಡುತ್ತಿರುವುದು ಆ ತಡೆಯ ಅವಧಿಯಲ್ಲಿ ಸಪ್ತಾಪುರದ, ಬೆಂಗಳೂರಿನ ವಿಜಯನಗರದ ಕುರ್ಚಿಗಳಲ್ಲಿ ಏನಾಯಿತು ಎಂಬುದನ್ನು. ಅವು ಖಾಲಿಯಾಗಲಿಲ್ಲ. ತಡವಾದಾಗಲೆಲ್ಲ ಸರಕಾರ ಕನಿಕರದಿಂದ ‘ಒಂದು ಬಾರಿಗೆ’ ವಯೋಮಿತಿ ಸಡಿಲಿಸುತ್ತದೆ, ಕೈಮುಗಿದು ಬೇಡಿ ಪಡೆದ ಆ ಸಡಿಲಿಕೆ ಇನ್ನಷ್ಟು ವರ್ಷ ಕೂರಿಸುತ್ತದೆ. ತಮಿಳುನಾಡಿನ ಪಾಠ ಇಲ್ಲಿ ಮರುಕಳಿಸುವ ಲಕ್ಷಣ ನನಗಂತೂ ಸ್ಪಷ್ಟವಾಗಿ ಕಾಣುತ್ತಿದೆ.

ಅತ್ತ ಖಾಸಗಿ ಕಡೆಯೂ ಬಿಗಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ತಂದ ವರದಿಯ ಪ್ರಕಾರ, 2022ರಲ್ಲಿ ದೇಶದ ಪದವೀಧರ ಯುವಜನರಲ್ಲಿ ಶೇ 29.1 ಮಂದಿ ನಿರುದ್ಯೋಗಿಗಳು. ಓದುಬರಹ ಬಾರದ ಯುವಜನರಲ್ಲಿ ಶೇ 3.4 ಮಾತ್ರ. ಅವಿದ್ಯಾವಂತರಿಗೆ ಒಳ್ಳೆ ಕೆಲಸ ಸಿಗುತ್ತದೆಂದು ಇದರರ್ಥವಲ್ಲ. ಅವರಿಗೆ ಕಾಯುವ ಅನುಕೂಲವಿಲ್ಲ, ಅಷ್ಟೆ. ಐಟಿಯಲ್ಲಿ ಫ್ರೆಶರ್ ಸಂಬಳ ಹದಿನೈದು ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ತೆವಳುತ್ತಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಇಳಿಸುವುದಾಗಿ ಹೇಳಿತು. ಅದರ ಮರುತಿಂಗಳು ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಅಮೆರಿಕದ ಸಂಬಳಪಟ್ಟಿಗಳನ್ನು ಜಾಲಾಡಿ ಒಂದು ಪ್ರಬಂಧ ತಂದರು. ಕೃತಕ ಬುದ್ಧಿಮತ್ತೆ ಹೆಚ್ಚು ಕೈಹಾಕಿರುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿದೆ. ಅದೇ ಕೆಲಸದಲ್ಲಿ ಅನುಭವಿಗಳಿಗೆ ಅಂಥ ಏಟು ಬಿದ್ದಿಲ್ಲ. ಏಣಿಯ ಮೊದಲ ಮೆಟ್ಟಿಲೇ ಸವೆಯುತ್ತಿದೆ ಎಂದಾಯಿತು.

ಮೊದಲ ಮೆಟ್ಟಿಲು ತಪ್ಪಿದವರಿಗೆ ಮುಂದೆ ಏನಾಗುತ್ತದೆ ಎನ್ನುವುದು ಅರ್ಥಶಾಸ್ತ್ರದಲ್ಲಿ ಚೆನ್ನಾಗಿ ಅಳೆದಿರುವ ವಿಷಯ. ಅಮೆರಿಕದಲ್ಲಿ 1979ರಿಂದ 1989ರ ನಡುವೆ ಕಾಲೇಜು ಮುಗಿಸಿದ ಬಿಳಿಯ ಗಂಡಸರನ್ನು ಲಿಸಾ ಕಾನ್ ಹಿಂಬಾಲಿಸಿದರು. ಪದವಿ ಮುಗಿಸಿದ ವರ್ಷ ನಿರುದ್ಯೋಗ ದರ ಒಂದು ಅಂಶ ಹೆಚ್ಚಿದ್ದರೆ ಮೊದಲ ಸಂಬಳ ಶೇ 6-7ರಷ್ಟು ಕಡಿಮೆ. ಹದಿನೈದು ವರ್ಷದ ನಂತರವೂ ಶೇ 2.5ರಷ್ಟು ಕಡಿಮೆ. ಓದಿನಲ್ಲಿ, ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ಹೊರಬಂದ ಇಸವಿ ಒಂದೇ ಬೇರೆ. ಹಾನ್ನೆಸ್ ಶ್ವಾಂಟ್ ಮತ್ತು ಟಿಲ್ ಫಾನ್ ವಾಕ್ಟರ್ 1982ರ ಹಿಂಜರಿತದಲ್ಲಿ ದುಡಿಮೆಗಿಳಿದವರನ್ನು ನೋಡಿದಾಗ, ನಡುವಯಸ್ಸಿನಲ್ಲಿ ಹೃದ್ರೋಗ, ಯಕೃತ್ತಿನ ಕಾಯಿಲೆಗಳಿಂದ ಸಾಯುವ ಪ್ರಮಾಣವೂ ಅವರಲ್ಲಿ ಹೆಚ್ಚಾಗಿತ್ತು.

ಜಪಾನಿನದು ಇನ್ನೂ ಕಠೋರ. ಅಲ್ಲಿನ ಕಂಪನಿಗಳು ಆಗತಾನೇ ಪದವಿ ಮುಗಿಸಿದವರನ್ನು ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುತ್ತವೆ. ಆ ವರ್ಷ ತಪ್ಪಿದರೆ ಬಸ್ಸು ಹೋದಂತೆ. ತೊಂಬತ್ತರ ದಶಕದ ಆರಂಭದಲ್ಲಿ ಭೂಮಿ ಮತ್ತು ಷೇರಿನ ಗುಳ್ಳೆ ಒಡೆದ ಮೇಲೆ, ಸುಮಾರು 1993ರಿಂದ 2004ರ ತನಕ ಹೊರಬಂದವರಿಗೆ ಅಲ್ಲಿ ‘ಉದ್ಯೋಗದ ಹಿಮಯುಗದವರು’ ಎಂದೇ ಹೆಸರು. ಇವರಲ್ಲಿ ದೊಡ್ಡ ಪಾಲು ಗುತ್ತಿಗೆ, ಅರೆಕಾಲಿಕ ಕೆಲಸಗಳಲ್ಲೇ ಉಳಿಯಿತು. 2019ರಲ್ಲಿ ತಕಾರಾಝುಕಾ ಎಂಬ ಊರಿನ ನಗರಸಭೆ ಈ ಪೀಳಿಗೆಯವರಿಗೆಂದೇ ಮೂರು ಹುದ್ದೆ ಕರೆದಾಗ ಅರ್ಜಿ ಹಾಕಿದವರು 1,800ಕ್ಕೂ ಹೆಚ್ಚು. ಅಲ್ಲಿ ‘8050 ಸಮಸ್ಯೆ’ ಎಂಬ ಮಾತು ಚಾಲ್ತಿಯಲ್ಲಿದೆ: 80 ದಾಟಿದ ತಂದೆತಾಯಿಯ ಪಿಂಚಣಿಯಲ್ಲಿ 50 ದಾಟಿದ ಮಗ ಬದುಕುವುದು. ಅದನ್ನು ಓದಿದಾಗ ನನಗೆ ಭಾವನ ಪಾಸ್‌ಬುಕ್ ಕಣ್ಣಮುಂದೆ ಬಂತು.

ಕೆನಡಾದ ಒಂದು ಅಧ್ಯಯನ ಮಾತ್ರ ಸ್ವಲ್ಪ ಉಸಿರಾಡಲು ಬಿಡುತ್ತದೆ. ಫಿಲಿಪ್ ಒರಿಯೊಪೌಲೋಸ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಿಂಜರಿತದಲ್ಲಿ ಹೊರಬಂದವರ ಗಳಿಕೆ ಮೊದಲಿಗೆ ಶೇ 9ರಷ್ಟು ಕಡಿಮೆಯಿದ್ದದ್ದು ಐದು ವರ್ಷಕ್ಕೆ ಅರ್ಧಕ್ಕಿಳಿದು, ಹತ್ತು ವರ್ಷಕ್ಕೆ ಮಾಯವಾಗಿತ್ತು. ಹೇಗೆ ಮಾಯವಾಯಿತೆಂಬುದೇ ಮುಖ್ಯ. ಸಣ್ಣ, ಕಡಿಮೆ ಸಂಬಳದ ಕಂಪನಿಗೆ ಸೇರಿ, ಅಲ್ಲೇ ಬೇರೂರದೆ, ಮೊದಲ ಕೆಲವೇ ವರ್ಷಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದವರು ಮೇಲೆ ಬಂದರು. ಹಾಗೆ ಹಾರಲು ಮೊದಲು ಎಲ್ಲಾದರೂ ಕಾಲೂರಿರಬೇಕಲ್ಲ. ಆದ್ದರಿಂದ ಮೊದಲ ಕೆಲಸ ಒಪ್ಪಿಕೊಳ್ಳುವಾಗ ಸಂಬಳಕ್ಕಿಂತ ಬಾಂಡ್ ಪತ್ರವನ್ನು ಎರಡು ಸಲ ಓದಿ. 2,000 ರೂಪಾಯಿ ಹೆಚ್ಚು ಕೊಟ್ಟು ಮೂರು ವರ್ಷ ಕಟ್ಟಿಹಾಕುವ ಜಾಗ ಇಂಥ ಕಾಲದಲ್ಲಿ ತುಟ್ಟಿ.

ಹಾಗಂತ ಸಿಕ್ಕಿದ್ದನ್ನೆಲ್ಲ ಹಿಡಿ ಎಂದೂ ಹೇಳಲಾರೆ. ಅಮೆರಿಕದಲ್ಲಿ ಸಂಶೋಧಕರು ಕಂಪನಿಗಳಿಗೆ ಹುಸಿ ರೆಸ್ಯೂಮೆಗಳನ್ನು ಕಳಿಸಿ ಯಾರಿಗೆ ಕರೆ ಬರುತ್ತದೆಂದು ಎಣಿಸುವ ಪ್ರಯೋಗ ಮಾಡುತ್ತಾರೆ. ಕೋರಿ ಕ್ರಾಫ್ಟ್ ಮತ್ತು ಸಂಗಡಿಗರು ಸುಮಾರು 12,000 ರೆಸ್ಯೂಮೆ ಕಳಿಸಿದಾಗ, ಕೆಲಸವಿಲ್ಲದ ಮೊದಲ ಎಂಟು ತಿಂಗಳಲ್ಲಿ ಕರೆಗಳು ಸರ್ರನೆ ಇಳಿದವು. ಆದರೆ ಎಲ್ಲರಿಗೂ ಕೆಲಸದ ಬರ ಇರುವ ಊರುಗಳಲ್ಲಿ ಈ ಇಳಿತ ಸೌಮ್ಯ. ಕಾಲವೇ ಕೆಟ್ಟಿದೆ ಎಂದು ಕಂಪನಿಗಳಿಗೂ ಗೊತ್ತಿರುತ್ತದೆ. ಇನ್ನೊಂದು ತಂಡದ ಪ್ರಯೋಗದಲ್ಲಿ, ಪದವಿಯೇ ಬೇಕಿಲ್ಲದ ಕೆಲಸದಲ್ಲಿದ್ದವರಿಗೆ ತಕ್ಕ ಕೆಲಸದಲ್ಲಿದ್ದವರಿಗಿಂತ ಶೇ 30ರಷ್ಟು ಕಡಿಮೆ ಕರೆ ಬಂತು, ಬರೀ ಖಾಲಿ ಕೂತದ್ದಕ್ಕೆ ಅಷ್ಟು ಶಿಕ್ಷೆ ಇರಲಿಲ್ಲ. ಮೆಕ್ಯಾನಿಕಲ್ ಓದಿದವನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡಿನಲ್ಲಿ ಮೈಕ್ರೋಮೀಟರ್ ಹಿಡಿದು ಬಿಡಿಭಾಗ ಅಳೆಯುತ್ತಿದ್ದರೆ ಅದು ಅನುಭವ. ಬೈಕಿನಲ್ಲಿ ಊಟದ ಪೊಟ್ಟಣ ಹಂಚಿದರೆ ಹೊಟ್ಟೆಪಾಡು. ಮರ್ಯಾದೆಯ ಹೊಟ್ಟೆಪಾಡೇ, ಆದರೆ ರೆಸ್ಯೂಮೆ ಓದುವವನಿಗೆ ಎರಡೂ ಒಂದಲ್ಲ. ನಡುವೆ ಅಪ್ರೆಂಟಿಸ್ ದಾರಿಯೊಂದಿದೆ. ಎಚ್‌ಎಎಲ್, ಬಿಇಎಲ್ ಥರದ ಕಡೆ ಪದವೀಧರರನ್ನು ತರಬೇತಿಗೆ ತೆಗೆದುಕೊಳ್ಳುತ್ತಾರೆ, ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ. ಸ್ಟೈಪೆಂಡ್ ಕಡಿಮೆ, ಕಾಯಂ ಆಗುವ ಭರವಸೆಯಿಲ್ಲ. ಆದರೂ ಕುರ್ಚಿಗಿಂತ ಎಷ್ಟೋ ವಾಸಿ.

ಕೆಲಸದ ಸುದ್ದಿ ಯಾರಿಂದ ಬರುತ್ತದೆ ಎಂಬುದರಲ್ಲೂ ನಮ್ಮವರ ಅಂದಾಜು ತಪ್ಪು. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದಂತೆ, ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಪದೇಪದೇ ಭೇಟಿಯಾಗುವ ಆಪ್ತರಿಂದ ಸಿಕ್ಕವರು ಶೇ 17ರಷ್ಟು ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಇಲ್ಲವೆ ಅಪರೂಪಕ್ಕೆ ಕಾಣುವವರಿಂದ ಸಿಕ್ಕಿತ್ತು. ಸುಮಾರು 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಪಕ್ಕದ ಗೂಡಿನ ಗೆಳೆಯನಿಗೆ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಎರಡು ವರ್ಷ ಸೀನಿಯರ್ ಆಗಿದ್ದು ಈಗ ಹೊಸೂರಿನಲ್ಲಿರುವ, ಮುಖ ಅರ್ಧ ಮರೆತ ಹುಡುಗನಿಗೆ ಫೋನು ಮಾಡಲು ನಾಚಿಕೆ. ಆ ನಾಚಿಕೆಯಿಂದ ಎಷ್ಟು ಜನ ಎಷ್ಟು ಕಳೆದುಕೊಂಡಿದ್ದಾರೋ.

ನಾಚಿಕೆಯ ಜೊತೆ ಸುಸ್ತು. ನ್ಯೂಜೆರ್ಸಿಯಲ್ಲಿ 2009-10ರಲ್ಲಿ ಆರು ಸಾವಿರದಷ್ಟು ನಿರುದ್ಯೋಗಿಗಳನ್ನು ವಾರವಾರವೂ ಕೇಳಿದ ಅಲನ್ ಕ್ರೂಗರ್ ಮತ್ತು ಆಂಡ್ರಿಯಾಸ್ ಮುಲ್ಲರ್, ವಾರ ಕಳೆದಂತೆ ಹುಡುಕಾಟದ ಹೊತ್ತು ಕುಗ್ಗುತ್ತ ಹೋದದ್ದನ್ನು ಕಂಡರು. ಸೋಮಾರಿತನವಲ್ಲ ಅದು, ಪ್ರತಿ ಅರ್ಜಿಯೂ ಮನಸ್ಸನ್ನು ಸ್ವಲ್ಪ ತಿನ್ನುತ್ತದೆ. ಮೊದಲ ವಾರಗಳಲ್ಲೇ ಜೋರು ಹುಡುಕಿ ಎನ್ನುವುದಕ್ಕೆ ಇದೇ ಕಾರಣ. ಆಮೇಲೆ ಜೋರು ಉಳಿಯುವುದಿಲ್ಲ. ಸುಸ್ತಾದವರ ಬಳಿಗೇ ‘ಬ್ಯಾಕ್‌ಡೋರ್’ ಏಜೆಂಟರು ಬರುವುದು: ಎರಡು ಲಕ್ಷ ಕೊಡು, ಸುಳ್ಳು ಅನುಭವ ಪತ್ರ ಮಾಡಿಸುತ್ತೇವೆ ಎನ್ನುತ್ತಾರೆ. ಕಂಪನಿಗಳು ಈಗ ಪಿಎಫ್ ದಾಖಲೆ ತೆಗೆಸಿ ನೋಡುತ್ತವೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಟೂರಿಸ್ಟ್ ವೀಸಾದಲ್ಲಿ ಹೊರಡು ಎಂದರಂತೂ ಬಾಗಿಲು ಹಾಕಿಕೊಳ್ಳಿ. ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಕೇಂದ್ರಗಳಿಗೆ ನಮ್ಮ ಹುಡುಗರನ್ನು ಸಾಗಿಸಿದ್ದು ಹೀಗೆಯೇ. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಹಣ ಕಳೆದುಕೊಂಡರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಿ.

ಇದನ್ನೆಲ್ಲ ಸಪ್ತಾಪುರದ ಚಹಾದಂಗಡಿಯಲ್ಲಿ ಹುಡುಗನಿಗೆ ಹೇಳಿದೆ. ಪರೀಕ್ಷೆ ಬಿಡು ಎನ್ನಲಿಲ್ಲ. ಇಂಥ ತಾರೀಖಿನ ತನಕ ಮಾತ್ರ ಎಂದು ಈಗಲೇ ಬರೆದಿಡು, ಕೆಲಸ ಮಾಡುತ್ತ ಓದು ಎಂದೆ. ಸುಮ್ಮನೆ ಕೇಳಿದ. ‘ಅಪ್ಪಾಜಿ ಕಳಿಸ್ಯಾರೇನ್ ನಿಮ್ಮನ್ನ?’ ಅಂದ.

ಹೊರಡುವಾಗ ರೀಡಿಂಗ್ ರೂಮಿನ ಬಾಗಿಲಲ್ಲಿ ಹೊಸ ಹುಡುಗನೊಬ್ಬ ಬ್ಯಾಗು ಹಿಡಿದು ಜಾಗ ಕೇಳುತ್ತಿದ್ದ. ‘ಸದ್ಯಕ್ಕ ಇಲ್ಲಪಾ, ಮ್ಯಾಲೆ ಸ್ಲ್ಯಾಬ್ ಹಾಕಾಕತ್ತೇವಿ, ಎರಡು ತಿಂಗಳು ಬಿಟ್ಟು ಬಾ’ ಎಂದರು ಮಾಲೀಕರು. ನೋಟಿಫಿಕೇಶನ್ನೇ ಇಲ್ಲದಾಗ ಹುಡುಗರು ಕಡಿಮೆಯಾಗಬೇಕಿತ್ತಲ್ಲ ಎಂದು ನಾನು ಕೇಳಿದೆ.

‘ಎಲ್ಲಿ ಕಡಿಮಿ ಆಗ್ತಾರ್ರೀ ಸರ? ನೋಟಿಫಿಕೇಶನ್ ಆದ್ರ ಪರೀಕ್ಷಾ ಮುಗೀತಂತ ಅರ್ಧಾ ಮಂದಿ ಊರಿಗೆ ಹೋಗ್ತಾರ. ಆಗದಿದ್ರ ಯಾರೂ ಏಳಂಗಿಲ್ಲ.’