ಕಡ್ಡಿ ಮುರಿದ ರಾಕೆಟ್ ಕಲಿಸುವ ಪಾಠ

ದೀಪಾವಳಿಯಲ್ಲಿ ಬಾಟಲಿಯೊಳಗೆ ನಿಲ್ಲಿಸಿ ಹಚ್ಚುವ ರಾಕೆಟ್ಟಿಗೆ ಉದ್ದನೆಯ ಕಡ್ಡಿಯೊಂದು ಇರುತ್ತದಷ್ಟೆ. ಕಡ್ಡಿ ಮುರಿದ ರಾಕೆಟ್ ಹಚ್ಚಿದವರಿಗೆ ಗೊತ್ತು, ಅದು ಆಕಾಶಕ್ಕೆ ಹೋಗುವುದಿಲ್ಲ. ಗಿರಗಿರನೆ ಸುತ್ತಿ ಯಾರದೋ ಅಂಗಳಕ್ಕೆ ನುಗ್ಗುತ್ತದೆ. ಒಳಗಿನ ಮದ್ದು ಅಷ್ಟೇ ಇದೆ. ಕಡಿಮೆಯಾದದ್ದು ಕಡ್ಡಿ ಮಾತ್ರ. ಹಾರುವುದಕ್ಕೆ ಬಲವೊಂದೇ ಸಾಲದು ಎಂಬ ಈ ಪಾಠವನ್ನು ಆಡುತ್ತಾಡುತ್ತಲೇ ಕಲಿಸುವ ಕಂಪ್ಯೂಟರ್ ಆಟವೊಂದುಂಟು. ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ.

ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿದ್ದ ಫೆಲಿಪೆ ಫಲಾಂಗೆ ಈ ಆಟದ ಜನಕ. ಹದಿಹರೆಯದಲ್ಲಿ ಅವರು ತೆಳುತಗಡಿನ ಪುಟ್ಟ ಗೊಂಬೆಗಳನ್ನು ಮಾಡಿ ಪಟಾಕಿಗಳಲ್ಲಿ ಕೂರಿಸಿ ಹಾರಿಸುತ್ತಿದ್ದರಂತೆ. ಆ ಗೊಂಬೆಗಳಿಗೆ ಇಟ್ಟ ಹೆಸರೇ ಕರ್ಬಲ್. 2011ರಲ್ಲಿ ಆಟದ ಮೊದಲ ರೂಪ ಹೊರಬಂತು, 2015ರಲ್ಲಿ ಪೂರ್ಣ ರೂಪ. ಇಲ್ಲಿ ಕೊಲ್ಲಬೇಕಾದ ಶತ್ರುವಿಲ್ಲ. ಎಂಜಿನ್, ಇಂಧನದ ಟ್ಯಾಂಕು, ರೆಕ್ಕೆ, ಪ್ಯಾರಾಚೂಟ್ ಮುಂತಾದ ಬಿಡಿಭಾಗಗಳ ರಾಶಿಯಿದೆ. ಅವನ್ನು ಜೋಡಿಸಿ ಹಸಿರು ಬಣ್ಣದ ಪುಟ್ಟ ಗಗನಯಾತ್ರಿಗಳನ್ನು ಕಕ್ಷೆಗೆ ಕಳಿಸಬೇಕು, ಸಾಧ್ಯವಾದರೆ ಜೀವಂತವಾಗಿ ಮರಳಿ ತರಬೇಕು. ಅವರ ಗ್ರಹ ಕರ್ಬಿನ್ ಬಲು ಚಿಕ್ಕದು, ತ್ರಿಜ್ಯ 600 ಕಿಲೋಮೀಟರ್ ಮಾತ್ರ. ಗುರುತ್ವ ಮಾತ್ರ ನಮ್ಮ ಭೂಮಿಯಷ್ಟೇ.

ಹೊಸಬರು ಕಟ್ಟಿದ ಮೊದಲ ರಾಕೆಟ್ ಸಾಮಾನ್ಯವಾಗಿ ಸ್ವಲ್ಪ ಮೇಲೇರಿ, ತಲೆಕೆಳಗಾಗಿ, ನೆಲಕ್ಕೆ ಅಪ್ಪಳಿಸುತ್ತದೆ. ಕಾರಣ ಪಟಾಕಿಯ ಕಡ್ಡಿಯದೇ. ರಾಕೆಟ್ಟಿನ ತೂಕದ ಕೇಂದ್ರ ಮುಂದಿರಬೇಕು, ಗಾಳಿ ಹೆಚ್ಚಾಗಿ ತಡೆಯುವ ಭಾಗ ಹಿಂದಿರಬೇಕು. ಆಗ ಮೂತಿ ಸ್ವಲ್ಪ ವಾಲಿದರೂ ಗಾಳಿಯೇ ಬಾಲವನ್ನು ತಳ್ಳಿ ನೆಟ್ಟಗೆ ಮಾಡುತ್ತದೆ. ಬಾಣದ ಹಿಂಬದಿಗೆ ಗರಿ ಕಟ್ಟುವುದು ಇದಕ್ಕೇ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದುದೂ ಇದಕ್ಕೇ. ಆದ್ದರಿಂದ ಮೊದಲ ಸಲಹೆ: ರೆಕ್ಕೆಗಳನ್ನು ಬುಡದಲ್ಲಿ ಹಚ್ಚಿ, ಮೂತಿಯ ಬಳಿ ಬೇಡ.

ಎಂಜಿನ್ ಮೇಲಿದ್ದು ಟ್ಯಾಂಕು ಕೆಳಗೆ ತೂಗುತ್ತಿದ್ದರೆ ರಾಕೆಟ್ ತಾನಾಗಿ ನೆಟ್ಟಗೆ ನಿಲ್ಲುವುದಲ್ಲವೇ ಎಂದು ಕೆಲವರಿಗೆ ತೋರಬಹುದು. ಹೀಗೆ ಯೋಚಿಸಿದವರು ಸಾಮಾನ್ಯರೇನಲ್ಲ. ಅಮೆರಿಕದ ರಾಬರ್ಟ್ ಗಾಡರ್ಡ್ 1926ರ ಮಾರ್ಚ್ 16ರಂದು ಹಾರಿಸಿದ, ದ್ರವ ಇಂಧನದ ಜಗತ್ತಿನ ಮೊದಲ ರಾಕೆಟ್ಟಿನ ರಚನೆ ಇದೇ ಆಗಿತ್ತು. ಅದು ಎರಡೂವರೆ ಸೆಕೆಂಡು ಹಾರಿ, ಸುಮಾರು 12 ಮೀಟರ್ ಏರಿ, ಎಲೆಕೋಸಿನ ತೋಟದಲ್ಲಿ ಬಿತ್ತು. ಮೊಳೆಗೆ ತೂಗುಹಾಕಿದ ಗುಂಡು ನೆಟ್ಟಗೆ ನಿಲ್ಲುವುದು ಮೊಳೆ ಅಲುಗದೆ ಇರುವುದರಿಂದ. ರಾಕೆಟ್ಟಿನಲ್ಲಿ ಎಳೆಯುವ ಎಂಜಿನ್ನೂ ದೇಹದೊಡನೆ ವಾಲುತ್ತದೆ. ವಾಲಿದ ಕಡೆಗೇ ಎಳೆಯುತ್ತದೆ. ಗಾಡರ್ಡ್ ಮುಂದೆ ಎಂಜಿನ್ನನ್ನು ಬುಡಕ್ಕೆ ತಂದರು.

ಎರಡನೆಯ ತಪ್ಪು ಆಸೆಯದು. ರಾಕೆಟ್ ಸಾಕಷ್ಟು ಎತ್ತರ ಹೋಗಲಿಲ್ಲವೆಂದರೆ ಹೊಸಬರು ಇನ್ನೊಂದು ಟ್ಯಾಂಕು ಸೇರಿಸುತ್ತಾರೆ. ಭಾರ ಹೆಚ್ಚಿತೆಂದು ಇನ್ನೊಂದು ಎಂಜಿನ್, ಅದರ ಹೊಟ್ಟೆಗೆ ಮತ್ತೊಂದು ಟ್ಯಾಂಕು. ದೂರದ ಊರಿಗೆ ಹೊರಟ ಗಾಡಿಯಲ್ಲಿ ಎತ್ತುಗಳ ಮೇವನ್ನೂ ಹೇರಿದಂತೆ ಇದು. ಮೇವು ಹೆಚ್ಚಾದರೆ ಅದನ್ನು ಎಳೆಯಲು ಇನ್ನೊಂದು ಜೋಡಿ ಎತ್ತು ಬೇಕು, ಅವಕ್ಕೂ ಮೇವು ಬೇಕು. ಈ ಲೆಕ್ಕವನ್ನು ರಷ್ಯದ ಶಾಲಾ ಮಾಸ್ತರ ಕಾನ್‌ಸ್ಟಾಂಟಿನ್ ಸಿಯೋಲ್ಕೋವ್‌ಸ್ಕಿ 1903ರಲ್ಲೇ ಸೂತ್ರವಾಗಿ ಪ್ರಕಟಿಸಿದ್ದರು. ಪರಿಹಾರವನ್ನೂ 1929ರಲ್ಲಿ ವಿವರಿಸಿದರು: ರಾಕೆಟ್ಟುಗಳನ್ನು ರೈಲಿನ ಡಬ್ಬಿಗಳಂತೆ ಜೋಡಿಸಿ, ಬರಿದಾದುದನ್ನು ಕಳಚುತ್ತ ಹೋಗುವುದು. ಇವೇ ಇಂದಿನ ಹಂತಗಳು.

ಹೀಗಾಗಿ ಆಟದಲ್ಲಿ ರಾಕೆಟ್ಟನ್ನು ಮೇಲಿನಿಂದ ಕೆಳಗೆ ಕಟ್ಟಬೇಕು. ಕೊನೆಗೆ ಮರಳಿ ಬರಬೇಕಾದ ಕೋಶ ಮತ್ತು ಪ್ಯಾರಾಚೂಟ್ ಮೊದಲು. ಅದನ್ನು ಕಕ್ಷೆಯಲ್ಲಿ ನೂಕುವ ಚಿಕ್ಕ ಹಂತ ಆಮೇಲೆ. ಇವೆರಡನ್ನೂ ನೆಲದಿಂದ ಎತ್ತುವ ದೊಡ್ಡ ಹಂತ ಕೊನೆಗೆ. ಮೇಲೆ ಒಂದು ಟನ್ ಉಳಿಸಿದರೆ ಕೆಳಗೆ ಹಲವು ಟನ್ ಉಳಿಯುತ್ತದೆ. ನೆಲ ಬಿಡುವಾಗ ಎಂಜಿನ್ನಿನ ಬಲ ಒಟ್ಟು ತೂಕದ ಸುಮಾರು ಒಂದೂವರೆ ಪಟ್ಟು ಇದ್ದರೆ ಸಾಕು. ಎಲ್ಲ ಎಂಜಿನ್ನುಗಳೂ ಎಲ್ಲ ಕಡೆ ಒಂದೇ ರೀತಿ ದುಡಿಯವು ಎಂಬುದೂ ನೆನಪಿರಲಿ. ಟೆರಿಯರ್ ಎಂಬ ಪುಟ್ಟ ಎಂಜಿನ್ ಗಾಳಿಯಿಲ್ಲದೆಡೆ ಕೊಡುವ ಬಲದ ಕಾಲು ಭಾಗವನ್ನಷ್ಟೇ ನೆಲಮಟ್ಟದಲ್ಲಿ ಕೊಡುತ್ತದೆ. ಅದರ ಜಾಗ ಮೇಲಿನ ಹಂತ.

ಕಕ್ಷೆಯೆಂದರೆ ಎತ್ತರ ಎಂದು ತಿಳಿಯುವುದು ಮೂರನೆಯ ತಪ್ಪು. ಕರ್ಬಿನ್ನಿನ ವಾತಾವರಣ 70 ಕಿಲೋಮೀಟರಿಗೆ ಮುಗಿಯುತ್ತದೆ. ನೇರ ಮೇಲೇರಿ ಅದನ್ನು ದಾಟಿದ ರಾಕೆಟ್ ಇಂಧನ ತೀರಿದೊಡನೆ ಕಲ್ಲಿನಂತೆ ಬೀಳುತ್ತದೆ. ಬೀಳದೆ ಸುತ್ತಬೇಕಾದರೆ ಅಡ್ಡಡ್ಡ ಓಡಬೇಕು, ಅದೂ ಸೆಕೆಂಡಿಗೆ ಸುಮಾರು 2,300 ಮೀಟರ್ ವೇಗದಲ್ಲಿ. ಭೂಮಿಯ ಸುತ್ತ ಇದೇ ವೇಗ ಸೆಕೆಂಡಿಗೆ 7.8 ಕಿಲೋಮೀಟರ್. ಆದ್ದರಿಂದ ಏರತೊಡಗಿದ ಸ್ವಲ್ಪ ಹೊತ್ತಿಗೇ ಮೂತಿಯನ್ನು ಮೆಲ್ಲಗೆ ಪೂರ್ವಕ್ಕೆ ಬಾಗಿಸಬೇಕು. ಗ್ರಹ ಪೂರ್ವಕ್ಕೆ ತಿರುಗುವುದರಿಂದ ಆ ವೇಗ ಪುಕ್ಕಟೆಯಾಗಿ ಸಿಗುತ್ತದೆ.

ಉಡಾವಣೆಗೆ ಮುನ್ನ ಒಮ್ಮೆ ಹಂತಗಳ ಪಟ್ಟಿ ನೋಡಬೇಕು. ಎಂಜಿನ್ ಹೊತ್ತುವ ಗಳಿಗೆಯಲ್ಲೇ ಪ್ಯಾರಾಚೂಟ್ ಬಿಚ್ಚಿಕೊಂಡು ನಗೆಪಾಟಲಾಗದ ಆಟಗಾರ ಅಪರೂಪ. ಎಲ್ಲಕ್ಕಿಂತ ದೊಡ್ಡ ಸಲಹೆ ಇದು: ರಾಕೆಟ್ ಬಿದ್ದರೆ ಒಂದೇ ಒಂದು ಭಾಗವನ್ನು ಬದಲಿಸಿ ಮತ್ತೆ ಹಾರಿಸಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ನಿಜ ಜೀವನದಲ್ಲಿ ಈ ಶಿಸ್ತಿಗೆ ತೆರಬೇಕಾದ ಬೆಲೆ ಬೇರೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹೊರಟ ಭಾರತದ ಮೊದಲ ಉಪಗ್ರಹ ವಾಹನ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ದೋಷವಿದ್ದದ್ದು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟದಲ್ಲಿ. ಅದನ್ನು ಹುಡುಕಿ ಸರಿಪಡಿಸಿ, 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದರು. ಸುಮಾರು 17 ಟನ್ನಿನ ನಾಲ್ಕು ಹಂತಗಳ ವಾಹನ ಹೊತ್ತೊಯ್ದ ಉಪಗ್ರಹದ ತೂಕ 35 ಕಿಲೋ. ಮೇವಿನ ಲೆಕ್ಕ ಎಷ್ಟು ನಿಷ್ಠುರವೆಂದು ಇದರಿಂದಲೇ ತಿಳಿಯುತ್ತದೆ.

ನಮ್ಮ ಮಕ್ಕಳಿಗೆ ತಪ್ಪು ಮಾಡಲು ಇರುವ ಅವಕಾಶ ಬಲು ಕಡಿಮೆ. ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕಕ್ಕೆ ಕೆಂಪು ಗೆರೆ ಬೀಳುತ್ತದೆ, ಏಕೆ ತಪ್ಪಿತೆಂದು ಕೇಳುವವರಿಲ್ಲ. ಮುಂದೆ ಮನೆಯ ಹುಡುಗನೋ ಹುಡುಗಿಯೋ ಐದನೆಯ ಸಲ ರಾಕೆಟ್ ಬೀಳಿಸಿದಾಗ, ಆಟ ಸಾಕು ಎಂದು ಗದರುವ ಮೊದಲು ಪಕ್ಕದಲ್ಲಿ ಕುಳಿತು ‘ಯಾಕೆ ಬಿತ್ತು?’ ಎಂದು ಕೇಳಿ ನೋಡಿ. ಉತ್ತರ ಸಿಕ್ಕಿದರೆ, ಆ ಹೊತ್ತು ವ್ಯರ್ಥವಾಗಲಿಲ್ಲ.