ಕ್ಷೌರದಂಗಡಿಯ ಶುಚಿತ್ವ: ಕಲಿಯುವವರಿಗೂ ಕೂರುವವರಿಗೂ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಮೂರೂ ಗಡಿಯ ಪೇಟೆಗಳು. ಮೊದಲೆರಡಕ್ಕೆ ಬೀದರ ಹತ್ತಿರ, ತಾಂಡೂರಿಗೆ ಸೇಡಂ, ಚಿಂಚೋಳಿ ನೆರೆ. ತೊಗರಿ ಮಾರಲು, ಫರ್ಸಿ ಕಲ್ಲು ಕೊಳ್ಳಲು, ಕಿರಾಣಿ ಒಯ್ಯಲು ಬಂದ ಹಳ್ಳಿಯವರು ದಾಡಿ, ಕಟಿಂಗ್ ಮುಗಿಸಿಕೊಂಡೇ ಊರಿಗೆ ಮರಳುವುದುಂಟು. ನಮ್ಮ ಮನೆಯ ಮಕ್ಕಳೂ ಕೂರುವುದು ಅದೇ ಕುರ್ಚಿಯಲ್ಲಿ. ಅಲ್ಲಿ ಕೆಲಸ ಕಲಿಯುವ ಹುಡುಗರಿಗೆ ಕತ್ತರಿ ಹಿಡಿಯುವುದನ್ನು ಕಲಿಸುವವರಿದ್ದಾರೆ. ಕತ್ತರಿಯನ್ನು ಶುದ್ಧಿ ಮಾಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು.

ಅಪಾಯ ಯಾವುದು?

ಕ್ಷೌರದಂಗಡಿ ಎಂದರೆ ಹಲವರಿಗೆ ಏಡ್ಸ್ ಭಯ. ಆದರೆ ಆ ವೈರಾಣು ದೇಹದ ಹೊರಗೆ ಬೇಗ ಶಕ್ತಿಗುಂದುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಹೆಪಟೈಟಿಸ್-ಬಿ ಎಂಬ ಯಕೃತ್ತಿನ ರೋಗದ ಬಗ್ಗೆ. ಕಣ್ಣಿಗೆ ಕಾಣದಷ್ಟು ಒಣಗಿದ ರಕ್ತದಲ್ಲಿಯೂ ಇದರ ವೈರಾಣು ಕನಿಷ್ಠ 7 ದಿನ ಬದುಕಿರಬಲ್ಲದು. ರೋಗ ಹೊತ್ತವರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದಿರಬಹುದು. ಹೆಪಟೈಟಿಸ್-ಸಿ ಕೂಡ ರಕ್ತದಿಂದಲೇ ಹರಡುತ್ತದೆ. ಗಜಕರ್ಣ, ಹೇನು, ಗಡ್ಡದ ಬುಡದ ಕೀವುಗುಳ್ಳೆಗಳು ಬಾಚಣಿಗೆ, ಟವೆಲ್, ಮಷಿನ್‌ಗಳಿಂದ ದಾಟುತ್ತವೆ.

ಮೂರು ಮೆಟ್ಟಿಲುಗಳು

ನಮ್ಮ ಮನೆಗಳಲ್ಲಿ ನೀರನ್ನು ಮೊದಲು ಸೋಸುತ್ತೇವೆ, ಆಮೇಲೆ ಕುದಿಸುತ್ತೇವೆ. ಸೋಸಿದ್ದು ಕುದಿಸಿದ್ದಕ್ಕೆ ಸಮವಲ್ಲ. ಸಲಕರಣೆಗಳಿಗೂ ಇದೇ ಕ್ರಮ.

ಮೊದಲನೆಯದು ತೊಳೆಯುವುದು. ಕೂದಲು, ಎಣ್ಣೆ, ರಕ್ತದ ಕಲೆಯನ್ನು ಸಾಬೂನು ನೀರಿನಲ್ಲಿ ಉಜ್ಜಿ ತೆಗೆಯಬೇಕು. ಕೊಳೆ ಉಳಿದರೆ ಮುಂದಿನ ಔಷಧ ಒಳಗೆ ಇಳಿಯದು.

ಎರಡನೆಯದು ಸೋಂಕು ನಿವಾರಣೆ. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಂದು ಪಾಲು, ನೀರು 9 ಪಾಲು ಬೆರೆಸಿ 10 ನಿಮಿಷ ನೆನೆಸಬೇಕು. ಇದನ್ನು ದಿನವೂ ಹೊಸದಾಗಿ ಮಾಡಬೇಕು; ಆಸಿಡ್ ಜೊತೆ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಉಕ್ಕಿಗೆ ತುಕ್ಕು ಹಿಡಿಯುವುದರಿಂದ ನಂತರ ಕತ್ತರಿಯನ್ನು ನೀರಿನಲ್ಲಿ ತೊಳೆದು ಒಣಗಿಸಬೇಕು. ನೆನೆಸಲಾಗದ ಮಷಿನ್‌ನ ಬಾಯನ್ನು ಬ್ರಷ್‌ನಿಂದ ಕೊಡವಿ, ಶೇ. 70ರ ಸ್ಪಿರಿಟ್‌ನಿಂದ ಒರೆಸಬೇಕು.

ಮೂರನೆಯದು ಪೂರ್ಣ ನಿರ್ಜಂತುಕರಣ. ಚರ್ಮದೊಳಗೆ ಹೋಗುವ ಸಾಧನಗಳಿಗೆ ಇದು ಬೇಕೇ ಬೇಕು. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ, ಒತ್ತಡದಡಿ, 15ರಿಂದ 20 ನಿಮಿಷ ಇಟ್ಟರೆ ಇದು ಸಾಧ್ಯ. ಕಿವಿ, ಮೂಗು ಚುಚ್ಚುವ ಸೂಜಿಗೂ ಇದು ಅನ್ವಯ. ಸರಾಫ ಅಂಗಡಿ ನಡೆಸುವವರು ಗಮನಿಸಬೇಕು. ಒಬ್ಬರಿಗೆ ಒಂದೇ ಹೊಸ ಸೂಜಿ ಬಳಸುವುದು ಇನ್ನೂ ಸುಲಭ.

ನಂಬಿ ಮೋಸಹೋಗುವ ವಸ್ತುಗಳು

ಬೆಳಗ್ಗೆ ಬಟ್ಟಲಿಗೆ ಎರಡು ಹನಿ ಡೆಟಾಲ್ ಹಾಕಿ ಸಂಜೆಯವರೆಗೆ ಬಾಚಣಿಗೆ ಅದ್ದುವುದು ಸೋಂಕು ನಿವಾರಣೆಯಲ್ಲ. ನೀಲಿ ಬೆಳಕಿನ ಪೆಟ್ಟಿಗೆಯ ಕಿರಣ ನೆರಳಿರುವ ಜಾಗಕ್ಕೆ ತಲುಪದು. ಶುದ್ಧಿ ಮಾಡಿದ ಸಾಮಾನು ಇಡಲು ಅದು ಸರಿ, ಶುದ್ಧಿ ಮಾಡಲು ಅಲ್ಲ. ದಾಡಿಯ ನಂತರ ಎಲ್ಲರ ಕೆನ್ನೆಗೂ ಉಜ್ಜುವ ಒಂದೇ ಪಟಕದ ಗಟ್ಟಿ ಬಹು ಅಪಾಯಕರ. ರಕ್ತ ಒಸರುವ ಜಾಗಕ್ಕೇ ಅದನ್ನು ಒತ್ತುತ್ತಾರಲ್ಲವೇ? ಬದಲಿಗೆ ಪಟಕದ ಪುಡಿಯನ್ನು ಹೊಸ ಹತ್ತಿಯಲ್ಲಿ ಹಚ್ಚಬಹುದು.

ಕಲಿಯುವವರು ನೆನಪಿಡಬೇಕಾದ್ದು

ಪ್ರತಿ ಗಿರಾಕಿಗೂ ಹೊಸ ಬ್ಲೇಡು, ಒಗೆದ ಟವೆಲ್. ಬ್ಲೇಡನ್ನು ಗಿರಾಕಿಯ ಕಣ್ಣೆದುರೇ ಮುರಿದು ಹಾಕಬೇಕು. ಬಳಸಿದ ಅರ್ಧ ಬ್ಲೇಡುಗಳು ಮುಚ್ಚಳವಿರುವ ಗಟ್ಟಿ ಡಬ್ಬಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ. ಇಲ್ಲವಾದರೆ ಗಾಯವಾಗುವುದು ಕಸ ಎತ್ತುವ ತಾಯಂದಿರ ಕೈಗೆ. ಗಿರಾಕಿಗೆ ಗಾಯವಾದರೆ ಕೆಲಸ ನಿಲ್ಲಿಸಿ, ಹತ್ತಿ ಕೊಟ್ಟು ಅವರೇ ಒತ್ತಿಹಿಡಿಯಲು ಹೇಳಬೇಕು. ಪ್ರತಿಯೊಬ್ಬರ ನಂತರ ಕೈ ತೊಳೆಯಬೇಕು.

ದಿನವಿಡೀ ಅಲಗಿನ ಜೊತೆ ಇರುವ ಹುಡುಗನಿಗೇ ಅಪಾಯ ಹೆಚ್ಚು. ಹೆಪಟೈಟಿಸ್-ಬಿ ಲಸಿಕೆ ದೊಡ್ಡವರಿಗೆ ಮೂರು ಸಲ: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸಿ ರೋಗಕ್ಕೆ ಲಸಿಕೆಯಿಲ್ಲ, ಆದರೆ ಗುಣಪಡಿಸುವ ಮಾತ್ರೆಗಳಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಎರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ.

ನಮ್ಮ ಪಾಲು

ನಮ್ಮಲ್ಲಿ ಅನೇಕರ ಮಳಿಗೆಗಳಲ್ಲಿ ಸಲೂನುಗಳು ಬಾಡಿಗೆಗಿವೆ. ನಲ್ಲಿ, ಕೈ ತೊಳೆಯುವ ತೊಟ್ಟಿ ಇಲ್ಲದ ಮಳಿಗೆ ಕೊಟ್ಟು ಶುಚಿತ್ವ ಕೇಳುವುದು ನ್ಯಾಯವಲ್ಲ. ಒಂದು ನಲ್ಲಿ ಹಾಕಿಸಿಕೊಡಿ. ಕುರ್ಚಿಯಲ್ಲಿ ಕೂತಾಗ, "ಅಣ್ಣಾ, ಬ್ಲೇಡು ಹೊಸದು ಹಾಕ್ರಿ" ಎಂದು ಪ್ರೀತಿಯಿಂದ ಹೇಳಿ, ಅದರ ಹಣವನ್ನು ಚೌಕಾಸಿಯಿಲ್ಲದೆ ಕೊಡಿ. ದಿನವೂ ಲೆಕ್ಕ ಬರೆಯುವ ನಮಗೆ ಬ್ಲೇಡಿನ ಬೆಲೆಯೂ ಗೊತ್ತು, ಯಕೃತ್ತಿನ ಕಾಯಿಲೆಯ ಖರ್ಚೂ ಗೊತ್ತು.